ಸೂಜಿ ಇಲ್ಲದ ಇಂಜೆಕ್ಷನ್: ಚರ್ಮಕ್ಕೆ ಜೆಟ್ ಚಿಕಿತ್ಸೆ ಮಾಡಿಸಿಕೊಳ್ಳುವವರಿಗೆ

ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೆದಿದೆ. ಎದೆಯ ಮೇಲಿನ ಮೊಡವೆ ವಾಸಿಯಾಗಿ ಅಲ್ಲೊಂದು ಗಟ್ಟಿ ಉಬ್ಬು ನಿಂತಿದೆ. ಬೇಸಿಗೆ ಬಂದರೆ ತಡೆಯಲಾರದ ತುರಿಕೆ. ಇಂಥವರು ಚರ್ಮದ ಡಾಕ್ಟರ ಹತ್ತಿರ ಹೋದರೆ, "ಗಂಟಿನ ಒಳಗೇ ಇಂಜೆಕ್ಷನ್ ಕೊಡಬೇಕು, ತಿಂಗಳಿಗೊಂದು ಸಲ ಬರಬೇಕು" ಅನ್ನುತ್ತಾರೆ. ಮೊದಲ ಸಲ ಹೇಗೋ ಹಲ್ಲು ಕಚ್ಚಿ ಕೂರುತ್ತಾರೆ. ಎಷ್ಟೋ ಜನ ಎರಡನೇ ಸಲ ಬರುವುದೇ ಇಲ್ಲ. ಗಟ್ಟಿ ಗಂಟಿನೊಳಗೆ ಸೂಜಿ ಹೋಗುವ ನೋವು ಅಂಥದ್ದು. ಬರದೇ ಇದ್ದಾಗ ಗಂಟು ಸುಮ್ಮನಿರುವುದಿಲ್ಲ, ಬೆಳೆಯುತ್ತದೆ.

ನಾನು ಮಂಡ್ಯ ಕಡೆಯವಳು, ಮೈಸೂರಿನಲ್ಲಿ ಚರ್ಮರೋಗ ಕ್ಲಿನಿಕ್ ಒಂದರಲ್ಲಿ ಸಿಸ್ಟರ್ ಆಗಿ ಕೆಲಸ ಮಾಡುತ್ತೇನೆ. ಈಚೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಸಿಸ್ಟ್ರೇ, ಸೂಜಿನೇ ಇಲ್ದಿರೋ ಇಂಜೆಕ್ಷನ್ ಬಂದದಂತೆ, ನೋವೇ ಆಗಲ್ವಂತೆ, ದಿಟವಾ?" ಸೂಜಿ ಇಲ್ಲ ಅನ್ನುವುದು ದಿಟ. ನೋವೇ ಇಲ್ಲ ಅನ್ನುವುದು ಪೂರ್ತಿ ದಿಟ ಅಲ್ಲ. ಸೂಜಿ ಬಿಟ್ಟ ಮಾತ್ರಕ್ಕೆ ಒಳಗೆ ಹೋಗುವ ಔಷಧಿ ಬದಲಾಗುವುದಿಲ್ಲ. ಹಾಗಾಗಿ ಸೂಜಿಗೆ ಎಷ್ಟು ಎಚ್ಚರ ಬೇಕೋ ಇದಕ್ಕೂ ಅಷ್ಟೇ ಬೇಕು. ಸೂಜಿ ಕಾಣಿಸದೇ ಇರುವುದರಿಂದ ಜನ ಆ ಎಚ್ಚರ ಮರೆಯುತ್ತಿದ್ದಾರೆ ಅನ್ನುವುದೇ ನನಗೆ ಚಿಂತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಇದು ಏನು ಮಾಡುತ್ತದೆ

ಗದ್ದೆಗೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ರಭಸವಾಗಿ ದೂರಕ್ಕೆ ಚಿಮ್ಮುತ್ತದೆ ಅಲ್ವಾ, ಇಲ್ಲಿ ನಡೆಯುವುದೂ ಅದೇ. ಸಾಧನದ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ರಂಧ್ರ ಇರುತ್ತದೆ. ಸುಮಾರು 0.1ರಿಂದ 0.2 ಮಿಲಿಮೀಟರ್. ಹಿಂದಿನಿಂದ ಸ್ಪ್ರಿಂಗ್, ಇಲ್ಲವೇ ಒತ್ತಿ ತುಂಬಿದ ಗಾಳಿ, ಇಲ್ಲವೇ ಕಾರ್ಬನ್ ಡೈಆಕ್ಸೈಡ್ ಅನಿಲ ಔಷಧಿಯನ್ನು ಜೋರಾಗಿ ನೂಕುತ್ತದೆ. ಔಷಧಿ ಸೆಕೆಂಡಿಗೆ 100 ಮೀಟರಿಗೂ ಜಾಸ್ತಿ ವೇಗದಲ್ಲಿ ಹೊರಬಂದು ತಾನೇ ಚರ್ಮವನ್ನು ತೂರಿಕೊಂಡು ಒಳಗೆ ಹೋಗಿ ಹರಡುತ್ತದೆ. ಇದೆಲ್ಲ ಮುಗಿಯಲು ಒಂದು ಸೆಕೆಂಡೂ ಬೇಡ. ಹೀಗೆ ರಭಸವಾಗಿ ಚಿಮ್ಮುವ ಸಣ್ಣ ಧಾರೆಗೇ ಜೆಟ್ ಅನ್ನುವುದು.

ಚರ್ಮದ ಚಿಕಿತ್ಸೆಯಲ್ಲಿ ಔಷಧಿ ಹೋಗಬೇಕಾದ್ದು ಮೇಲ್ಪದರದ ಕೆಳಗಿನ ದಪ್ಪ ಪದರಕ್ಕೆ. ಮೈಯ ಬಹುಪಾಲು ಜಾಗದಲ್ಲಿ ಆ ಪದರ 1ರಿಂದ 2 ಮಿಲಿಮೀಟರ್ ದಪ್ಪ. ಒತ್ತಡ ಕಡಿಮೆಯಾದರೆ ಔಷಧಿ ಹೊರಗೇ ಚೆಲ್ಲುತ್ತದೆ. ಜಾಸ್ತಿಯಾದರೆ ಆ ಪದರ ದಾಟಿ ಕೊಬ್ಬಿಗೆ ಇಳಿಯುತ್ತದೆ. ಸ್ಟೆರಾಯ್ಡ್ ಔಷಧಿ ಕೊಬ್ಬಿಗೆ ಇಳಿದರೆ ಆ ಜಾಗ ಗುಳಿ ಬೀಳಬಹುದು. ಅಂಗೈ ಚರ್ಮ ಬೇರೆ, ಕೆನ್ನೆ ಚರ್ಮ ಬೇರೆ, ಗಟ್ಟಿ ಗಂಟು ಇನ್ನೂ ಬೇರೆ. ಎಲ್ಲದಕ್ಕೂ ಒಂದೇ ಒತ್ತಡ ಇಟ್ಟು ಬಟನ್ ಒತ್ತುವ ಕೆಲಸ ಇದಲ್ಲ.

ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. 1960ರ ದಶಕದಲ್ಲಿ ಸಿಡುಬು ಓಡಿಸಲು ಆಫ್ರಿಕಾದಲ್ಲಿ, ಬ್ರೆಜಿಲ್‌ನಲ್ಲಿ ಸಾಲಾಗಿ ನಿಂತ ಜನಕ್ಕೆ ಜೆಟ್ ಗನ್‌ನಿಂದ ಲಸಿಕೆ ಹಾಕಿದರು. ನಮ್ಮಲ್ಲಿ ಅನೇಕರು ಇದರ ಹೆಸರು ಕೇಳಿದ್ದು ಕೋವಿಡ್ ಕಾಲದಲ್ಲಿ. ಅಹಮದಾಬಾದಿನ ಝೈಡಸ್ ಕ್ಯಾಡಿಲಾ ಕಂಪನಿಯ ಝೈಕೋವ್-ಡಿ ಲಸಿಕೆಗೆ 2021ರ ಆಗಸ್ಟಿನಲ್ಲಿ ತುರ್ತು ಬಳಕೆಯ ಅನುಮತಿ ಸಿಕ್ಕಿತು. ಅದನ್ನು ಕೊಡುತ್ತಿದ್ದದ್ದೇ ಸೂಜಿ ಇಲ್ಲದೆ, ಚರ್ಮದ ಪದರದೊಳಗೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಪ್ರೊಫೆಸರ್ ಜಿ. ಜಗದೀಶ್ ಅವರ ತಂಡ ಪುಟ್ಟ ಆಘಾತ ತರಂಗಗಳಿಂದ ಸೂಜಿ ಇಲ್ಲದೆ ಲಸಿಕೆ ಕೊಡುವ ದಾರಿಯನ್ನು ಇಲಿಗಳಲ್ಲಿ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿತು.

ಹೆಜ್ಜೆ 1: ನಿಮ್ಮ ತೊಂದರೆ ಏನು ಅಂತ ಖಚಿತ ಮಾಡಿಕೊಳ್ಳಿ

ಸಾಧನ ಆಮೇಲೆ. ಮೊದಲು ಕಾಯಿಲೆಯ ಹೆಸರು ಗೊತ್ತಾಗಬೇಕು. ಗಾಯದ ಗುರುತು ಉಬ್ಬಿ, ಗಾಯ ಇದ್ದಷ್ಟೇ ಜಾಗದಲ್ಲಿ ನಿಂತಿದ್ದರೆ ಅದು ಬರೀ ಉಬ್ಬಿದ ಕಲೆ. ಕಾಲ ಕಳೆದಂತೆ ತಾನಾಗಿಯೇ ಸ್ವಲ್ಪ ಇಳಿಯಲೂಬಹುದು. ಗಾಯದ ಅಂಚು ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೂ ಹಬ್ಬುತ್ತಿದ್ದರೆ ಅದು ಕೀಲಾಯ್ಡ್. ಕಿವಿಹಾಲೆ, ಎದೆಯ ನಡುಭಾಗ, ಭುಜ, ದವಡೆಯ ಅಂಚು ಇದಕ್ಕೆ ಇಷ್ಟವಾದ ಜಾಗಗಳು. ಇದನ್ನು ಸುಮ್ನೆ ಕತ್ತರಿಸಿ ತೆಗೆಸಿದರೆ ಮತ್ತೆ ಬರುವುದೇ ಜಾಸ್ತಿ, ಕೆಲವು ಸಲ ಮೊದಲಿಗಿಂತ ದೊಡ್ಡದಾಗಿ. ದಾರ ಕಟ್ಟುವುದು, ಸುಣ್ಣ ಹಚ್ಚುವುದು ಮಾಡಬೇಡಿ. ಸುಟ್ಟ ಗಾಯದ ಮೇಲೆ ಇನ್ನೊಂದು ಕೀಲಾಯ್ಡ್ ಹುಟ್ಟಬಹುದು.

ಗಂಟು ಬೇಗ ಬೇಗ ಬೆಳೆಯುತ್ತಿದ್ದರೆ, ತಾನಾಗಿ ರಕ್ತ ಬರುತ್ತಿದ್ದರೆ, ಹುಣ್ಣಾಗುತ್ತಿದ್ದರೆ, ಬಣ್ಣ ಬದಲಾಗುತ್ತಿದ್ದರೆ ಅದು ಕೀಲಾಯ್ಡ್ ಅಲ್ಲದೇ ಇರಬಹುದು. ಡಾಕ್ಟರ್ ಚೂರು ತೆಗೆದು ಬಯಾಪ್ಸಿಗೆ ಕಳಿಸೋಣ ಅಂದರೆ ಒಪ್ಪಿಕೊಳ್ಳಿ. ಏನು ಅಂತ ಗೊತ್ತಿಲ್ಲದ ಗಂಟಿಗೆ ಯಾವ ಇಂಜೆಕ್ಷನ್ನೂ ಬೇಡ.

ಕೀಲಾಯ್ಡ್ ಬಿಟ್ಟರೆ ಜೆಟ್ ಬಳಸುವ ಬೇರೆ ತೊಂದರೆಗಳೂ ಇವೆ. ತಲೆಯಲ್ಲಿ ದುಂಡಗೆ ಕೂದಲು ಉದುರಿ ನುಣ್ಣಗಾಗುವುದು, ನಮ್ಮ ಕಡೆ "ಹುಳ ತಿಂದದೆ" ಅನ್ನುತ್ತಾರೆ. ಎಷ್ಟು ಮಾಡಿದರೂ ಹೋಗದ ನರಹುಲಿ. ಮೊಡವೆಯ ಗುಳಿಗಳು. ಅಂಗೈ ಅತಿಯಾಗಿ ಬೆವರುವವರಿಗೆ ಬೊಟಾಕ್ಸ್ ಚುಚ್ಚುವ ಮುಂಚೆ ಮರಗಟ್ಟಿಸಲು ಲಿಡೊಕೇಯ್ನ್ ಕೊಡುವುದಕ್ಕೂ ಇದನ್ನು ಬಳಸುವುದುಂಟು. ಮಕ್ಕಳಿಗೆ ಡ್ರಿಪ್ ಹಾಕುವ ಮುಂಚೆ ಕೈ ಮರಗಟ್ಟಿಸುವ ಪುಟ್ಟ ಜೆಟ್ ಕೆಲವು ದೇಶಗಳ ಮಕ್ಕಳ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ಶುಗರ್ ಇರುವವರು ಇನ್ಸುಲಿನ್‌ಗೂ ಇದೇ ಯಂತ್ರ ಆಗುತ್ತಾ ಅಂತ ಕೇಳುತ್ತಾರೆ. ಇನ್ಸುಲಿನ್ ಹೋಗಬೇಕಾದ್ದು ಚರ್ಮದ ಕೆಳಗಿನ ಕೊಬ್ಬಿಗೆ. ಅದಕ್ಕೆ ಬೇರೆಯದೇ ಸಾಧನ, ಬೇರೆಯದೇ ಲೆಕ್ಕ. ನಿಮ್ಮ ಶುಗರ್ ಡಾಕ್ಟರನ್ನೇ ಕೇಳಿ.

ಹೆಜ್ಜೆ 2: ಯಾರ ಹತ್ತಿರ ಹೋಗಬೇಕು

ಚರ್ಮರೋಗ ತಜ್ಞರ ಹತ್ತಿರ. ಬೋರ್ಡಿನ ಮೇಲೆ ಚರ್ಮರೋಗದ ಪದವಿಗಳಾದ ಎಂ.ಡಿ. ಡಿವಿಎಲ್, ಡಿಡಿವಿಎಲ್ ಅಥವಾ ಚರ್ಮರೋಗದ ಡಿಎನ್‌ಬಿ ಅಂತ ಇದೆಯಾ ನೋಡಿ. ಕಾಸ್ಮೆಟಾಲಜಿ, ಸ್ಕಿನ್ ಕೇರ್, ಏಸ್ಥೆಟಿಕ್ ಅನ್ನುವ ದೊಡ್ಡ ಅಕ್ಷರಗಳಿಗೆ ಮರುಳಾಗಬೇಡಿ. ಖಾಸಗಿ ಕ್ಲಿನಿಕ್ ಆದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಆಗಿರಬೇಕು. ಆ ಪತ್ರವೂ ದರಪಟ್ಟಿಯೂ ಬಂದವರಿಗೆ ಕಾಣುವ ಹಾಗೆ ಹಾಕಿರಬೇಕು. ಕಾಣಿಸದಿದ್ದರೆ ಕೇಳುವುದಕ್ಕೆ ಸಂಕೋಚ ಬೇಡ.

ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜೆಎಸ್ಎಸ್ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ನಾಗಮಂಗಲ ಕಡೆಯವರಿಗೆ ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆ, ಇವೆಲ್ಲ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು. ಚರ್ಮರೋಗ ವಿಭಾಗ ಇದೆ. ಗಂಟಿನೊಳಗೆ ಸೂಜಿಯಿಂದ ಔಷಧಿ ಕೊಡುವುದು ಇಂಥ ವಿಭಾಗಗಳಲ್ಲಿ ದಿನನಿತ್ಯದ ಕೆಲಸ. ಜೆಟ್ ಸಾಧನ ಎಲ್ಲ ಕಡೆ ಇರುವುದಿಲ್ಲ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿಬಿಡಿ. ಸಾಧನ ಇಲ್ಲದಿದ್ದರೂ ಕಾಯಿಲೆ ಏನು ಅಂತ ತಿಳಿಯಲು, ಯಾವ ಔಷಧಿ ಬೇಕು ಅಂತ ಬರೆಸಿಕೊಳ್ಳಲು ಮೊದಲ ಭೇಟಿ ಇಲ್ಲೇ ಆಗಬಹುದು. ಖರ್ಚೂ ಉಳಿಯುತ್ತದೆ.

ಇನ್ನೊಂದು ಮಾತು, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಿಗೆ. ಈ ಚಿಕಿತ್ಸೆ ಒಂದು ದಿನದ್ದಲ್ಲ. ಸುಮಾರು 4 ವಾರಕ್ಕೊಮ್ಮೆ, ಎಷ್ಟೋ ತಿಂಗಳು ಬರಬೇಕಾಗುತ್ತದೆ. ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರ್. ರೈಲಿದೆ, ಬಸ್ಸಿದೆ, ನಿಜ. ಆದರೂ ಕೂಲಿ ಬಿಟ್ಟು, ಅಂಗಡಿ ಮುಚ್ಚಿ ಪ್ರತಿ ತಿಂಗಳೂ ಬರಲು ಆಗುತ್ತದಾ ಅಂತ ಮೊದಲೇ ಯೋಚಿಸಿ. ದೂರದಲ್ಲಿರುವ ಒಳ್ಳೆಯ ಯಂತ್ರಕ್ಕಿಂತ, ಬಿಡದೆ ಹೋಗಲು ಸಾಧ್ಯವಾಗುವ ಹತ್ತಿರದ ಡಾಕ್ಟರೇ ಮೇಲು ಅನ್ನುವುದು ನನ್ನ ಅನಿಸಿಕೆ. ದಸರಾ ಸಮಯದಲ್ಲಿ ಅಪಾಯಿಂಟ್‌ಮೆಂಟ್ ಬಿದ್ದರೆ ಮುಂದೆ ಹಿಂದೆ ಮಾಡಿಸಿಕೊಳ್ಳಿ, ಆ ಜನಜಂಗುಳಿಯಲ್ಲಿ ತಲುಪುವುದೇ ಕಷ್ಟ.

ಬ್ಯೂಟಿ ಪಾರ್ಲರ್ ಮತ್ತು ಆನ್‌ಲೈನ್ ಪೆನ್: ಬೇಡವೇ ಬೇಡ

ಇದನ್ನು ಹೆಜ್ಜೆಗಳ ನಡುವೆ ಸೇರಿಸಿದ್ದೇನೆ, ಯಾಕೆಂದರೆ ಇಲ್ಲಿಯೇ ಜನ ಜಾರುವುದು. ಹೈಲುರಾನ್ ಪೆನ್ ಅಂತ ಒಂದು ಸಾಧನ ಆನ್‌ಲೈನಿನಲ್ಲಿ ಸಿಗುತ್ತದೆ. ತುಟಿ ದಪ್ಪ ಮಾಡುತ್ತದೆ, ಸುಕ್ಕು ತುಂಬುತ್ತದೆ, ಸೂಜಿ ಇಲ್ಲ, ನೋವಿಲ್ಲ ಅಂತ ವಿಡಿಯೋ ತೋರಿಸುತ್ತಾರೆ. ಮದುವೆ ಗೊತ್ತಾದ ಹೆಣ್ಣುಮಕ್ಕಳು ಇದನ್ನು ತರಿಸಿ ಮನೆಯಲ್ಲೇ ಮಾಡಿಕೊಳ್ಳುವುದು, ಪಾರ್ಲರಿನಲ್ಲಿ ಮಾಡಿಸಿಕೊಳ್ಳುವುದು ಶುರುವಾಗಿದೆ.

ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರಿನಲ್ಲಿ ಇಂಥ ಸೂಜಿರಹಿತ ಪೆನ್‌ಗಳಿಂದ ಫಿಲ್ಲರ್ (ತುಟಿ, ಸುಕ್ಕು ತುಂಬಿಸುವ ಜೆಲ್) ಹಾಕಿಸಿಕೊಳ್ಳಬೇಡಿ ಅಂತ ಜನರಿಗೂ ವೈದ್ಯರಿಗೂ ಎಚ್ಚರಿಕೆ ಕೊಟ್ಟಿತು. ಕಾರಣ ಸ್ಪಷ್ಟ. ಪೆನ್ ಔಷಧಿಯನ್ನು ಎಲ್ಲಿ, ಎಷ್ಟು ಆಳಕ್ಕೆ ಹಾಕುತ್ತದೆ ಅನ್ನುವುದು ಹಿಡಿತದಲ್ಲಿ ಇರುವುದಿಲ್ಲ. ಫಿಲ್ಲರ್ ರಕ್ತನಾಳದೊಳಗೆ ಹೋದರೆ ಆ ನಾಳ ಕಟ್ಟಿಕೊಂಡು ಚರ್ಮ ಸಾಯಬಹುದು. ಮುಖದ ನಾಳಗಳಿಗೂ ಕಣ್ಣಿನ ನಾಳಗಳಿಗೂ ಸಂಪರ್ಕ ಇದೆ, ದೃಷ್ಟಿ ಹೋಗುವ ಅಪಾಯವೂ ಇದೆ. ಪೆನ್ ಜೊತೆ ಬರುವ ಸೀಸೆಯಲ್ಲಿ ಏನಿದೆ ಅಂತಲೂ ಖಾತ್ರಿ ಇಲ್ಲ.

ಈಗಾಗಲೇ ಮಾಡಿಸಿಕೊಂಡು ಆ ಜಾಗ ಬಿಳುಚಿ ವಿಪರೀತ ನೋಯುತ್ತಿದ್ದರೆ, ಚರ್ಮ ನೀಲಿ ಬಲೆಯ ಹಾಗೆ ಕಂಡರೆ, ಕಣ್ಣು ಮಂಜಾದರೆ ಮನೆಯಲ್ಲಿ ಕೂರಬೇಡಿ. ಬೆಳಗಾಗಲಿ ಅಂತಲೂ ಕಾಯಬೇಡಿ. ಆ ಕೂಡಲೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬೈಯುತ್ತಾರೆ ಅಂತ ಹೆದರಿ ಮುಚ್ಚಿಡಬೇಡಿ ತಾಯಂದಿರೇ, ಏನು ಹಾಕಿಸಿಕೊಂಡಿರಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಸೀಸೆ ಇದ್ದರೆ ಅದನ್ನೂ ಜೊತೆಗೆ ಒಯ್ಯಿರಿ.

ಹೆಜ್ಜೆ 3: ಡಾಕ್ಟರಿಗೆ ಏನು ಹೇಳಬೇಕು, ಏನು ಕೇಳಬೇಕು

ಹೇಳಬೇಕಾದ್ದು ಇವು. ಬಸುರಿಯೇ, ಮಗುವಿಗೆ ಹಾಲು ಕುಡಿಸುತ್ತಿದ್ದೀರಾ, ಮಗು ಬೇಕೆಂದು ಯೋಚಿಸುತ್ತಿದ್ದೀರಾ. ಶುಗರ್ ಇದೆಯೇ. ಹೃದಯದ ತೊಂದರೆಗೆ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತೀರಾ. ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಬರೀ ಹೇಳಿ. ಹಲ್ಲು ಕೀಳಿಸುವಾಗ ಕೊಟ್ಟ ಮರಗಟ್ಟುವ ಇಂಜೆಕ್ಷನ್‌ಗೆ ಅಲರ್ಜಿ ಆಗಿತ್ತೇ. ಚಳಿಗೆ ಬೆರಳು ಬೆಳ್ಳಗಾಗಿ ನೋಯುತ್ತವೆಯೇ. ಇಂಜೆಕ್ಷನ್ ಕಂಡರೆ ತಲೆ ಸುತ್ತಿ ಬೀಳುವ ಅಭ್ಯಾಸ ಇದೆಯೇ. ಇದನ್ನು ಹೇಳಲು ಗಂಡಸರು ನಾಚಿಕೊಳ್ಳುತ್ತಾರೆ. ಹೇಳಿದರೆ ಮಲಗಿಸಿಯೇ ಕೊಡುತ್ತೇವೆ, ಬಿದ್ದು ತಲೆಗೆ ಪೆಟ್ಟಾಗುವುದು ತಪ್ಪುತ್ತದೆ.

ಇನ್ನು ಕೇಳಬೇಕಾದ ಮೊದಲ ಪ್ರಶ್ನೆ: ಒಳಗೆ ಹೋಗುವ ಔಷಧಿ ಯಾವುದು? ಕೀಲಾಯ್ಡಿಗೆ, ಕೂದಲು ಉದುರಿದ ಜಾಗಕ್ಕೆ ಸಾಮಾನ್ಯವಾಗಿ ಕೊಡುವುದು ಟ್ರಯಾಮ್ಸಿನೊಲೋನ್ ಅನ್ನುವ ಸ್ಟೆರಾಯ್ಡ್. ಒಂದು ಮಿ.ಲೀ.ಗೆ 10 ಅಥವಾ 40 ಮಿಲಿಗ್ರಾಂ ಇರುವ ಸೀಸೆಗಳು ಬರುತ್ತವೆ. ಗಟ್ಟಿ ಕೀಲಾಯ್ಡಿಗೆ ಗಾಢವಾದದ್ದು ಬೇಕಾಗಬಹುದು. ತಲೆಗೆ ಅದನ್ನೇ ತೆಳುವಾಗಿಸಿ ಕೊಡುತ್ತಾರೆ. ಸ್ಟೆರಾಯ್ಡ್ ಅಂದ ಕೂಡಲೇ ಹೆದರಬೇಡಿ, ಹಾಗಂತ ಅದರ ಅಡ್ಡಪರಿಣಾಮವನ್ನು ಹಗುರವಾಗಿಯೂ ನೋಡಬೇಡಿ. ಆ ಜಾಗ ತೆಳುವಾಗಿ ಗುಳಿ ಬೀಳಬಹುದು. ಸುತ್ತ ಬಿಳಿಚಿಕೊಳ್ಳಬಹುದು, ನಮ್ಮ ಕಂದು ಮೈಬಣ್ಣದಲ್ಲಿ ಅದು ಎದ್ದು ಕಾಣುತ್ತದೆ. ತಿಂಗಳುಗಟ್ಟಲೆ ಆದ ಮೇಲೆ ಎಷ್ಟೋ ಸಲ ಸರಿಹೋಗುತ್ತದೆ. ಕೆಲವು ಹೆಂಗಸರಿಗೆ ಮುಟ್ಟು ಆಚೀಚೆ ಆಗುತ್ತದೆ. ಶುಗರ್ ಇದ್ದವರಿಗೆ ಕೆಲವು ದಿನ ಶುಗರ್ ಏರಬಹುದು.

ಹಟಮಾರಿ ನರಹುಲಿಗೆ, ಸ್ಟೆರಾಯ್ಡಿಗೆ ಬಗ್ಗದ ಕೀಲಾಯ್ಡಿಗೆ ಬ್ಲಿಯೋಮೈಸಿನ್ ಕೊಡುವುದುಂಟು. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮಿನ ವೈದ್ಯರು ಗಾಳಿಯ ಒತ್ತಡದ ಜೆಟ್‌ನಿಂದಲೇ ಇದನ್ನು ಕೀಲಾಯ್ಡಿಗೆ ಕೊಟ್ಟು ಅಧ್ಯಯನ ಮಾಡಿದ್ದಾರೆ. ಇದು ಮೂಲದಲ್ಲಿ ಕ್ಯಾನ್ಸರ್ ಔಷಧಿ. ಬಸುರಿಯರಿಗೆ, ಹಾಲೂಡಿಸುವವರಿಗೆ ಕೂಡದು. ಹಾಕಿದ ಜಾಗ ಕೆಲವು ದಿನ ಕಪ್ಪಾಗಿ ಹೊಪ್ಪಳೆ ಕಟ್ಟಬಹುದು, ಕಪ್ಪು ಕಲೆ ಬಹಳ ದಿನ ಉಳಿಯಬಹುದು. ಉಗುರಿನ ಸುತ್ತ ಕೊಡುವಾಗ ಇನ್ನೂ ಎಚ್ಚರ ಬೇಕು.

ಎರಡನೇ ಪ್ರಶ್ನೆ: ನನ್ನ ಗಂಟಿಗೆ ಜೆಟ್ ಯಾಕೆ, ಸೂಜಿ ಯಾಕೆ ಬೇಡ? ಒಳ್ಳೆಯ ಡಾಕ್ಟರ್ ಇದಕ್ಕೆ ಸಮಾಧಾನವಾಗಿ ಉತ್ತರಿಸುತ್ತಾರೆ. ಸೂಜಿಯ ಭಯ ಇದ್ದವರಿಗೆ, ಮಕ್ಕಳಿಗೆ, ಅಗಲವಾಗಿ ಹರಡಿದ ತೆಳು ಕಲೆಗೆ, ತಲೆಯ ಮೇಲಿನ ಹತ್ತಾರು ಚುಚ್ಚುಗಳಿಗೆ ಜೆಟ್ ಅನುಕೂಲ. ಕಲ್ಲಿನಂತೆ ಗಟ್ಟಿಯಾದ ದಪ್ಪ ಕೀಲಾಯ್ಡಿನಲ್ಲಿ ಔಷಧಿ ಒಳಗೆ ಹೋಗದೆ ವಾಪಸ್ ಚಿಮ್ಮಬಹುದು. ಅಂಥ ಕಡೆ ಮೊದಲೆರಡು ಸಲ ಸೂಜಿಯಿಂದ, ಇಲ್ಲವೇ ಕ್ರಯೋ (ವಿಪರೀತ ತಣ್ಣಗಿನ ದ್ರವದಿಂದ ಗಂಟನ್ನು ಹೆಪ್ಪುಗಟ್ಟಿಸುವುದು) ಮಾಡಿ ಮೆತ್ತಗಾಗಿಸಿ, ಆಮೇಲೆ ಜೆಟ್ ಬಳಸುವುದೂ ಒಂದು ದಾರಿ. ಕಣ್ಣಿನ ಹತ್ತಿರ, ಕೀವಾದ ಜಾಗದ ಮೇಲೆ ಜೆಟ್ ಬೇಡ ಅನ್ನುತ್ತಾರೆ, ಸರಿಯೇ.

ಮೂರನೇ ಪ್ರಶ್ನೆ: ಚರ್ಮಕ್ಕೆ ತಾಗುವ ತುದಿ ಹೊಸದೇ? ದಯವಿಟ್ಟು ಇದೊಂದನ್ನು ಕೇಳದೆ ಬಿಡಬೇಡಿ. ಸೂಜಿ ಇಲ್ಲ ಅಂದರೆ ರಕ್ತ ಇಲ್ಲ, ಸೋಂಕು ಇಲ್ಲ ಅಂತ ಜನ ತಿಳಿದಿದ್ದಾರೆ. ಜೆಟ್ ಚರ್ಮ ತೂರುವಾಗ ಕಣ್ಣಿಗೆ ಕಾಣದಷ್ಟು ರಕ್ತ, ಅಂಗಾಂಶದ ದ್ರವ ವಾಪಸ್ ಚಿಮ್ಮಿ ತುದಿಗೆ ಅಂಟುತ್ತದೆ. ಹಳೇ ಕಾಲದ ಜೆಟ್ ಗನ್‌ಗಳಲ್ಲಿ ಒಂದೇ ತುದಿಯಿಂದ ನೂರಾರು ಜನಕ್ಕೆ ಕೊಡುತ್ತಿದ್ದರು. 1980ರ ದಶಕದ ನಡುಭಾಗದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ತೂಕ ಇಳಿಸುವ ಕ್ಲಿನಿಕ್ ಒಂದರಲ್ಲಿ ಹಾಗೆಯೇ ಹೆಪಟೈಟಿಸ್ ಬಿ ಹರಡಿತು. ಅಮೆರಿಕದ ಸೇನೆ 1997ರಲ್ಲಿ ಅಂಥ ಗನ್‌ಗಳ ಬಳಕೆ ನಿಲ್ಲಿಸಿತು. ಈಗಿನ ಬಹುಪಾಲು ಸಾಧನಗಳಲ್ಲಿ ಔಷಧಿ ತುಂಬುವ ಭಾಗ, ಚರ್ಮಕ್ಕೆ ತಾಗುವ ತುದಿ ಎರಡೂ ಒಬ್ಬರಿಗೆ ಒಂದು, ಆಮೇಲೆ ಕಸಕ್ಕೆ. ಲೋಹದ ಕೆಲವು ಸಾಧನಗಳಲ್ಲಿ ತಲೆಭಾಗ ಬಿಚ್ಚಿ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿಟ್ಟು ಕ್ರಿಮಿ ಕೊಂದು) ಮತ್ತೆ ಬಳಸುತ್ತಾರೆ. ಅದು ಪ್ರತಿ ರೋಗಿಗೂ ಆಗಬೇಕು. ಸ್ಪಿರಿಟ್ ಹತ್ತಿಯಿಂದ ಒರೆಸಿ "ಕ್ಲೀನ್ ಮಾಡಿದೀವಿ" ಅಂದರೆ ಎದ್ದು ಬನ್ನಿ.

ಖರ್ಚನ್ನೂ ಬಿಡಿಸಿ ಕೇಳಿ: ಡಾಕ್ಟರ್ ಫೀಸು ಎಷ್ಟು, ಔಷಧಿಗೆ ಎಷ್ಟು, ತುದಿಗೆ ಎಷ್ಟು, ಎಷ್ಟು ಸಲ ಬರಬೇಕಾಗಬಹುದು. ಸ್ಟೆರಾಯ್ಡ್ ಔಷಧಿ ದುಬಾರಿಯದ್ದಲ್ಲ. ದುಡ್ಡು ಹೋಗುವುದು ಸಾಧನಕ್ಕೆ, ತುದಿಗೆ. "ಹತ್ತು ಸಿಟಿಂಗ್ ಪ್ಯಾಕೇಜ್, ಈಗಲೇ ಕಟ್ಟಿದರೆ ಡಿಸ್ಕೌಂಟ್" ಅಂದರೆ ಒಪ್ಪಬೇಡಿ. ಗಂಟು ಮೂರನೇ ಸಲಕ್ಕೇ ಇಳಿದುಬಿಡಬಹುದು. ಇಳಿಯದೆ ಬೇರೆ ದಾರಿ ಹಿಡಿಯಬೇಕಾಗಿಯೂ ಬರಬಹುದು.

ಹೆಜ್ಜೆ 4: ಹೋಗುವ ದಿನ

ಹೊಟ್ಟೆಗೆ ಏನಾದರೂ ತಿಂದು ಹೋಗಿ. ಖಾಲಿ ಹೊಟ್ಟೆಯಲ್ಲಿ ಬಂದವರೇ ತಲೆ ಸುತ್ತು ಅನ್ನುವುದು. ಸ್ನಾನ ಮಾಡಿ. ಆ ಜಾಗಕ್ಕೆ ಎಣ್ಣೆ, ಪೌಡರ್, ಕ್ರೀಮ್ ಬೇಡ. ತಲೆಗೆ ಚಿಕಿತ್ಸೆ ಇದ್ದರೆ ಹಿಂದಿನ ದಿನವೇ ತಲೆ ತೊಳೆದುಕೊಳ್ಳಿ. ಕಿವಿಗಾದರೆ ಓಲೆ ಬಿಚ್ಚಿಟ್ಟು ಬನ್ನಿ. ಎದೆ, ಭುಜಕ್ಕಾದರೆ ಮುಂದೆ ಗುಂಡಿ ಇರುವ ಸಡಿಲ ಬಟ್ಟೆ ಹಾಕಿಕೊಳ್ಳಿ.

ಮೊಬೈಲಿನಲ್ಲಿ ಗಂಟಿನ ಫೋಟೋ ತೆಗೆದಿಟ್ಟುಕೊಳ್ಳಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆದರೆ ಅಳತೆಯೂ ಸಿಗುತ್ತದೆ. ಪ್ರತಿ ಸಲವೂ ಅದೇ ಕಿಟಕಿಯ ಬೆಳಕು, ಅದೇ ದೂರ.

ಮುಖಕ್ಕೆ ಅಥವಾ ಕಾಣುವ ಜಾಗಕ್ಕೆ ಆದರೆ ಮದುವೆ, ಗೃಹಪ್ರವೇಶ ಹತ್ತಿರ ಇರುವಾಗ ಬೇಡ. ಊತ, ನೀಲಿಗಟ್ಟಿದ ಗುರುತು ಕೆಲವು ದಿನ ಇದ್ದೇ ಇರುತ್ತದೆ.

ಹೆಜ್ಜೆ 5: ಕುರ್ಚಿಯಲ್ಲಿ

ಇಲ್ಲಿ ಏನೇನು ನಡೆಯುತ್ತದೆ ಅಂತ ಗೊತ್ತಿದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಜಾಗವನ್ನು ಸ್ಪಿರಿಟ್ ಹಾಕಿ ಒರೆಸುತ್ತೇವೆ. ಅದು ಪೂರ್ತಿ ಆರುವವರೆಗೆ ಕಾಯಬೇಕು. ಒದ್ದೆ ಚರ್ಮದ ಮೇಲೆ ಕೊಟ್ಟರೆ ಉರಿಯೂ ಜಾಸ್ತಿ, ಒಳಗೆ ಹೋಯಿತೋ ಇಲ್ಲವೋ ಅಂತ ನೋಡಲೂ ಆಗುವುದಿಲ್ಲ. ಕೆಲವರಿಗೆ ಮುಂಚೆಯೇ ಮರಗಟ್ಟಿಸುವ ಕ್ರೀಮ್ ಹಚ್ಚಿ ಕೂರಿಸಿರುತ್ತಾರೆ. ಔಷಧಿ ತುಂಬುವ ಮುಂಚೆ ಸೀಸೆಯ ಮೇಲಿನ ಹೆಸರು, ಎಕ್ಸ್‌ಪೈರಿ ದಿನಾಂಕ ತೋರಿಸಿ ಅಂತ ಕೇಳಿ. ಟ್ರಯಾಮ್ಸಿನೊಲೋನ್ ನೀರಿನಂತೆ ತಿಳಿಯಾದ ಔಷಧಿಯಲ್ಲ, ಬಿಳಿ ಪುಡಿ ತೇಲುವ ದ್ರವ. ಚೆನ್ನಾಗಿ ಅಲುಗಾಡಿಸದೆ ತುಂಬಿದರೆ ಕೆಳಗೆ ಕೂತ ಪುಡಿ ಸಣ್ಣ ರಂಧ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಮೊದಲ ಒಂದು ಹೊಡೆತವನ್ನು ಗಾಜ್ ಬಟ್ಟೆಗೆ ಹೊಡೆದು ನೋಡುತ್ತಾರೆ. ಔಷಧಿ ವ್ಯರ್ಥ ಮಾಡಿದರು ಅಂದುಕೊಳ್ಳಬೇಡಿ.

ಸಣ್ಣ ಮಂಜಿನ ಹಾಗೆ ಔಷಧಿ ಗಾಳಿಗೆ ಹಾರುವುದುಂಟು. ಮುಖದ ಹತ್ತಿರ ಆದರೆ ನಿಮಗೂ ಕನ್ನಡಕ ಅಥವಾ ಕಣ್ಣಿನ ಮೇಲೆ ಗಾಜ್ ಬಟ್ಟೆ, ಡಾಕ್ಟರಿಗೂ ಸಿಸ್ಟರಿಗೂ ಮಾಸ್ಕ್, ಕನ್ನಡಕ ಇರಬೇಕು. ಬ್ಲಿಯೋಮೈಸಿನ್ ಆದರಂತೂ ಇದು ಕಡ್ಡಾಯ. ಗರ್ಭಿಣಿಯಾದ ಅಕ್ಕ ತಂಗಿ ಜೊತೆಗೆ ಬಂದಿದ್ದರೆ ಹೊರಗೆ ಕೂರಿಸಿ.

ತುದಿಯನ್ನು ಚರ್ಮಕ್ಕೆ ನೇರವಾಗಿ, ಗಟ್ಟಿಯಾಗಿ ಒತ್ತಿ ಹಿಡಿಯುತ್ತಾರೆ. ಸಾಧನಕ್ಕೆ ಅನುಗುಣವಾಗಿ ಚೂರು ಅಂತರ ಇಡುವುದೂ ಉಂಟು. ಆಮೇಲೆ ಚಟ್ ಅಂತ ಸದ್ದು. ಚುರ್ ಅನ್ನುತ್ತದೆ. ಅಷ್ಟೇ, ಮುಗಿಯಿತು. ಒಂದು ಹೊಡೆತಕ್ಕೆ ಹೋಗುವುದು 0.1 ಮಿ.ಲೀ. ಆಸುಪಾಸು. ಹಾಗಾಗಿ ಗಂಟಿನ ಉದ್ದಕ್ಕೂ ಸ್ವಲ್ಪ ಸ್ವಲ್ಪ ಜಾಗ ಬಿಟ್ಟು ಇನ್ನಷ್ಟು ಹೊಡೆತ ಬೀಳುತ್ತವೆ. ಆ ಕ್ಷಣದಲ್ಲಿ ಅಲುಗಾಡಲೇಬಾರದು. ಬೆಚ್ಚಿ ಸರಿದರೆ ಜೆಟ್ ಅಡ್ಡ ಎಳೆದು ಚರ್ಮ ಕೊಯ್ದುಕೊಳ್ಳಬಹುದು. ಬಹಳ ಜನ ಬೆಚ್ಚುವುದು ನೋವಿಗಲ್ಲ, ಸದ್ದಿಗೆ. ಮಕ್ಕಳಾದರೆ ನಾನು ಮೊದಲು ಖಾಲಿ ಸದ್ದು ಕೇಳಿಸುತ್ತೇನೆ. "ನೋಡು ಪುಟ್ಟಾ, ಇದು ಹೀಗೆ ಚಟ್ ಅನ್ನುತ್ತೆ, ನೀನು ಮೂರು ಎಣಿಸು" ಅಂದರೆ ತಾವೇ ಎಣಿಸಿ ಕೂರುತ್ತವೆ. ದೊಡ್ಡವರೂ ಕೇಳಿಸಿ ಅಂತ ಕೇಳಬಹುದು, ಅದರಲ್ಲಿ ತಪ್ಪೇನಿಲ್ಲ.

ನೋವಿನ ವಿಷಯ. ಸೂಜಿಗಿಂತ ಕಡಿಮೆ ಅನ್ನುವವರೇ ನನ್ನ ಕಣ್ಣೆದುರು ಜಾಸ್ತಿ. ಎರಡೂ ಒಂದೇ ಅನ್ನುವವರೂ ಇದ್ದಾರೆ. ಎಲುಬಿನ ಮೇಲಿನ ತೆಳು ಚರ್ಮದಲ್ಲಿ, ಬೆರಳ ತುದಿಯಲ್ಲಿ ನೋವು ಹೆಚ್ಚು. ಸಹಿಸಲಾಗದಿದ್ದರೆ ಹೇಳಿ. ನಿಲ್ಲಿಸಿ, ತಣ್ಣನೆಯ ಪ್ಯಾಕ್ ಇಟ್ಟು ಮುಂದುವರಿಸುತ್ತಾರೆ.

ಸರಿಯಾಗಿ ಹೋಯಿತು ಅಂತ ತಿಳಿಯುವುದು ಹೀಗೆ: ಆ ಜಾಗ ಆ ಕ್ಷಣವೇ ಸಣ್ಣಗೆ ಉಬ್ಬಿ ಬಿಳುಪಾಗುತ್ತದೆ, ಮೇಲೆ ಹೆಚ್ಚು ಒದ್ದೆ ಇರುವುದಿಲ್ಲ. ಉಬ್ಬದೆ ಔಷಧಿ ಹರಿದು ಹೋದರೆ ಒಳಗೆ ಇಳಿದಿಲ್ಲ. ಆಗ ಡಾಕ್ಟರ್ ಒತ್ತಡ ಬದಲಿಸುತ್ತಾರೆ, ಇಲ್ಲವೇ ಜಾಗ ಸ್ವಲ್ಪ ಸರಿಸುತ್ತಾರೆ. ಹೊಡೆತ ಬಿದ್ದಲ್ಲಿ ಸಾಸಿವೆಗಿಂತ ಸಣ್ಣ ರಕ್ತದ ಚುಕ್ಕೆ ಕಾಣಬಹುದು. ಗಾಜ್ ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಮುಗಿದ ಕೂಡಲೇ ಎದ್ದು ಓಡಬೇಡಿ. ಕಾಲು ಗಂಟೆ ಕೂತು, ತಲೆ ಸುತ್ತುತ್ತಿಲ್ಲ, ಮೈಯಲ್ಲಿ ದದ್ದು ಎದ್ದಿಲ್ಲ ಅಂತ ನೋಡಿಕೊಂಡು ಹೊರಡಿ.

ಹೆಜ್ಜೆ 6: ಮನೆಗೆ ಬಂದ ಮೇಲೆ

ಉಜ್ಜಬೇಡಿ, ತಿಕ್ಕಬೇಡಿ. ಅರಿಶಿನ, ವಿಭೂತಿ, ಹರಳೆಣ್ಣೆ ಯಾವುದೂ ಬೇಡ. ಅಜ್ಜಿ ಹೇಳಿದರೂ ಬೇಡ, ಒಂದೆರಡು ದಿನ ಅಷ್ಟೇ. ಅವತ್ತು ಆ ಜಾಗ ಒಣಗಿರಲಿ, ಮಾರನೇ ದಿನ ಮಾಮೂಲಿ ಸ್ನಾನ ಮಾಡಬಹುದು. ಕಬ್ಬಿನ ಗದ್ದೆಯಲ್ಲಿ ಕೆಲಸ ಮಾಡುವವರು ಆ ಜಾಗಕ್ಕೆ ಮೆತ್ತಗಿನ ಹತ್ತಿ ಬಟ್ಟೆ ಮುಚ್ಚಿಕೊಳ್ಳಿ. ಕಬ್ಬಿನ ಗರಿ ಗೀಚಿದರೆ ಕೀಲಾಯ್ಡ್ ಮೈಯವರಿಗೆ ಅದೇ ಹೊಸ ಗಂಟಿಗೆ ದಾರಿ. ಬಿಸಿಲಿಗೆ ಹೋಗುವವರು ಸನ್‌ಸ್ಕ್ರೀನ್ ಹಚ್ಚಿ, ಇಲ್ಲವೇ ಬಟ್ಟೆಯಿಂದ ಮುಚ್ಚಿ, ಕಪ್ಪು ಕಲೆ ಕಡಿಮೆಯಾಗುತ್ತದೆ.

ಸ್ವಲ್ಪ ಕೆಂಪು, ಊತ, ಮುಟ್ಟಿದರೆ ನೋವು, ಇವೆಲ್ಲ ಕೆಲವು ದಿನದಲ್ಲಿ ಇಳಿಯುತ್ತವೆ. ದಿನದಿಂದ ದಿನಕ್ಕೆ ನೋವು ಏರುತ್ತಿದ್ದರೆ, ಕೀವು ಬಂದರೆ, ಜ್ವರ ಬಂದರೆ, ಹೇಳಿರದ ಕಡೆ ಚರ್ಮ ಕಪ್ಪಾದರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ ತೋರಿಸಿ. ಶುಗರ್ ಇರುವವರು ಒಂದು ವಾರ ಮನೆಯಲ್ಲಿ ಚೆಕ್ ಮಾಡಿಕೊಳ್ಳುತ್ತಿರಿ.

ಹೆಜ್ಜೆ 7: ಮುಂದಿನ ಸಲ, ಅದರ ಮುಂದಿನ ಸಲ

ಕೀಲಾಯ್ಡಿನಲ್ಲಿ ಸಾಮಾನ್ಯವಾಗಿ ಮೊದಲು ಇಳಿಯುವುದು ತುರಿಕೆ, ನೋವು. ಆಮೇಲೆ ಮೆತ್ತಗಾಗುತ್ತದೆ. ಎತ್ತರ ಇಳಿಯುವುದು ಅದರ ನಂತರ. ಅಗಲ ಕಡಿಮೆಯಾಗುವುದು ಬಹಳ ನಿಧಾನ. ಹಾಗಾಗಿ ಮೊದಲ ಸಲದ ನಂತರ ಕನ್ನಡಿ ನೋಡಿ "ಏನೂ ಆಗಿಲ್ಲ" ಅಂತ ಬಿಟ್ಟುಬಿಡಬೇಡಿ. ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಹಳೇ ಫೋಟೋ ಪಕ್ಕದಲ್ಲಿ ಇಟ್ಟು ನೋಡಿ. ನಡುವಿನ ವಾರಗಳಲ್ಲಿ ಡಾಕ್ಟರ್ ಸಿಲಿಕೋನ್ ಜೆಲ್ ಅಥವಾ ಶೀಟ್ ಹೇಳಿದ್ದರೆ ಬಿಡದೆ ಬಳಸಿ.

ಗಂಟು ಚರ್ಮದ ಮಟ್ಟಕ್ಕೆ ಬಂದ ಮೇಲೆ ನಿಲ್ಲಿಸಬೇಕು. ಇನ್ನೂ ಒಂದು ಸಲ ಹಾಕಿ ಅಂತ ನೀವಾಗಿ ಒತ್ತಾಯ ಮಾಡಬೇಡಿ, ಗುಳಿ ಬೀಳುವುದು ಆಗಲೇ. ಮೂರು ನಾಲ್ಕು ಸಲ ಆದರೂ ಮೆತ್ತಗಾಗದಿದ್ದರೆ ಅದೇ ಔಷಧಿ, ಅದೇ ಸಾಧನ ಹಿಡಿದು ಕೂರುವುದರಲ್ಲಿ ಅರ್ಥವಿಲ್ಲ. ಸೂಜಿಗೆ ಬದಲಿಸಬಹುದು. ಸ್ಟೆರಾಯ್ಡ್ ಜೊತೆ ಇನ್ನೊಂದು ಔಷಧಿಯಾದ ಫೈವ್-ಎಫ್‌ಯು ಸೇರಿಸಬಹುದು. ಕ್ರಯೋ ಇದೆ. ಆಪರೇಷನ್ ಮಾಡಿ ಆಮೇಲೆ ಇಂಜೆಕ್ಷನ್ ಅಥವಾ ರೇಡಿಯೇಷನ್ ಕೊಡುವ ದಾರಿಯೂ ಇದೆ. ಈ ಮಾತು ಡಾಕ್ಟರ್ ತೆಗೆಯದಿದ್ದರೆ ನೀವೇ ತೆಗೆಯಿರಿ.

ಪೂರ್ತಿ ಇಳಿದ ಮೇಲೂ ಒಂದೆರಡು ವರ್ಷ ಆ ಜಾಗದ ಮೇಲೆ ಕಣ್ಣಿಡಿ. ಮತ್ತೆ ತುರಿಕೆ ಶುರುವಾದರೆ ಗಂಟು ತಿರುಗಿ ಬರುತ್ತಿದೆ ಅಂತ. ಚಿಕ್ಕದಿರುವಾಗಲೇ ಹೋದರೆ ಒಂದೆರಡು ಹೊಡೆತಕ್ಕೆ ನಿಲ್ಲಬಹುದು. ಮನೆಯಲ್ಲಿ ಒಬ್ಬರಿಗೆ ಕೀಲಾಯ್ಡ್ ಇದ್ದರೆ ಮಗಳಿಗೆ ಎರಡನೇ ಮೂರನೇ ತೂತು, ಕಿವಿಯ ಮೇಲ್ಭಾಗದ ಗಟ್ಟಿ ಜಾಗಕ್ಕೆ ತೂತು ಹಾಕಿಸುವ ಮುಂಚೆ ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ. ಚುಚ್ಚಿಸಿದ್ದೇ ಆದರೆ ಮೊದಲ ಕೆಲವು ತಿಂಗಳು ವಾರಕ್ಕೊಮ್ಮೆ ಕಿವಿಹಾಲೆಯ ಹಿಂಭಾಗವನ್ನೂ ಬೆರಳಿನಿಂದ ಮುಟ್ಟಿ ನೋಡಿ. ಅಲ್ಲಿ ಸಣ್ಣ ಗಟ್ಟಿ ಕಾಳು ಸಿಕ್ಕರೆ ಆ ವಾರವೇ ಕರೆದುಕೊಂಡು ಹೋಗಿ.